‘ಕೊಡಲಾಗುವುದಿಲ್ಲ’ ಎಂಬ ಪದ ತುಂಡಾದಾಗ: ಕನ್ನಡ ಸಾಲನ್ನು ಕತ್ತರಿಸಲು ಕಲಿತ ಏಳು ವಾರಗಳು

ನಮ್ಮ ತಾಲ್ಲೂಕಿನ ಒಂದು ಕೃಷಿ ಪತ್ತಿನ ಸಹಕಾರ ಸಂಘದ ವೆಬ್‌ಸೈಟನ್ನು ನಾಲ್ಕು ವರ್ಷಗಳಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ದೊಡ್ಡ ಕೆಲಸವೇನಲ್ಲ. ಮುಖಪುಟದಲ್ಲಿ ಹತ್ತು ಸೂಚನೆಗಳು ಕಾಣಬೇಕು, ಪ್ರತಿ ಸೂಚನೆಯ ಮೊದಲ ಒಂದೆರಡು ಸಾಲು, ನಂತರ ಮೂರು ಚುಕ್ಕಿ, ಒತ್ತಿದರೆ ಪೂರ್ತಿ ಸೂಚನೆ. ಈ ‘ಮೊದಲ ಒಂದೆರಡು ಸಾಲು’ ಎಂಬ ಮಾತು ನನ್ನ ಏಳು ವಾರಗಳನ್ನು ನುಂಗಿತು. ಕನ್ನಡದಲ್ಲಿ ವೆಬ್‌ಸೈಟ್ ಕಟ್ಟುವ ಯಾರಿಗಾದರೂ ಇದು ಎದುರಾಗಿಯೇ ಆಗುತ್ತದೆ. ಅದಕ್ಕಾಗಿ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲ ದೂರು ಬಂದದ್ದು ಸೂಚನೆಗಳ ಕೊನೆಯಲ್ಲಿ ಕಾಣುತ್ತಿದ್ದ ಕಪ್ಪು ವಜ್ರಾಕೃತಿಯ ಬಗ್ಗೆ. ಒಳಗೊಂದು ಪ್ರಶ್ನಾರ್ಥಕ ಚಿಹ್ನೆ. ಎಲ್ಲ ಸೂಚನೆಗಳಲ್ಲೂ ಅಲ್ಲ, ಕೆಲವದರಲ್ಲಿ ಮಾತ್ರ. ಕೆಲವದರಲ್ಲಿ ಮಾತ್ರ ಏಕೆ ಎಂದು ಹುಡುಕಲು ಎರಡು ಸಂಜೆ ಹಿಡಿಯಿತು. ನಮ್ಮ ವೆಬ್‌ಸೈಟ್ ಬರೆದ ಭಾಷೆ ಪಿಎಚ್‌ಪಿ; ಅದರಲ್ಲಿ ಸಾಲಿನ ತುಂಡು ತೆಗೆಯುವ ಸಬ್‌ಸ್ಟರ್ ಎಂಬ ಫಂಕ್ಷನ್‌ಗೆ ನಾನು 180 ಎಂದು ಕೊಟ್ಟಿದ್ದೆ. ಅದು ಎಣಿಸುವುದು ಅಕ್ಷರಗಳನ್ನಲ್ಲ, ಬೈಟುಗಳನ್ನು, ಅಂದರೆ ಕಂಪ್ಯೂಟರು ಬರಹವನ್ನು ಕೂಡಿಡುವ ಚಿಕ್ಕ ಘಟಕಗಳನ್ನು. ಬರಹವನ್ನು ಬೈಟುಗಳಾಗಿ ಇಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ, ಅದು ‘ಕ’ ಆಗಲಿ, ಬರಿಯ ಗುಡಿಸು ಆಗಲಿ, ಮೂರು ಬೈಟು ಬೇಕು. ಪದಗಳ ನಡುವಿನ ಜಾಗ, 0-9ರ ಅಂಕಿ, ಚುಕ್ಕಿ ಇವಕ್ಕೆ ಒಂದೊಂದೇ ಬೈಟು. 180 ಮೂರರಿಂದ ಭಾಗವಾಗುವ ಸಂಖ್ಯೆ. ಆದ್ದರಿಂದ ಆ 180ರೊಳಗೆ ಬಂದ ಒಂದು ಬೈಟಿನ ಚಿಹ್ನೆಗಳ ಲೆಕ್ಕವೂ ಮೂರರಿಂದ ಭಾಗವಾದರೆ ಕತ್ತರಿ ಚಿಹ್ನೆಯ ಅಂಚಿಗೆ ಸರಿಯಾಗಿ ಬೀಳುತ್ತಿತ್ತು. ಇಲ್ಲವಾದರೆ ಒಂದು ಚಿಹ್ನೆಯ ಹೊಟ್ಟೆಯನ್ನೇ ಸೀಳುತ್ತಿತ್ತು. ಕಾರ್ಯದರ್ಶಿಯವರು ಒಂದು ಜಾಗ ಹೆಚ್ಚು ಒತ್ತಿದರೂ ಫಲಿತಾಂಶ ಬದಲಾಗುತ್ತಿತ್ತು.

ಇದೇ ತಪ್ಪಿನ ಇನ್ನೊಂದು ಮುಖವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸಂಘದ ಮೊಬೈಲ್ ಆ್ಯಪ್‌ಗೆ ಸೂಚನೆಗಳ ಪಟ್ಟಿ ಜೇಸನ್ ಎಂಬ, ಮಾಹಿತಿ ಸಾಗಿಸುವ ರೂಪದಲ್ಲಿ ಹೋಗುತ್ತದೆ. ಒಂದೇ ಒಂದು ಸೂಚನೆಯ ಬಾಲದಲ್ಲಿ ಅರ್ಧ ಚಿಹ್ನೆ ಉಳಿದರೂ ಜೇಸನ್ ಎನ್‌ಕೋಡ್ ಫಂಕ್ಷನ್ ಇಡೀ ಪಟ್ಟಿಯನ್ನೇ ತಿರಸ್ಕರಿಸಿ ‘ಫಾಲ್ಸ್’ (ಆಗಲಿಲ್ಲ) ಎಂದು ಹಿಂದಿರುಗಿಸುತ್ತದೆ. ಆ್ಯಪ್ ಖಾಲಿ, ಪರದೆಯ ಮೇಲೆ ದೋಷದ ಸುಳಿವೇ ಇಲ್ಲ. ನಿಮ್ಮ ಆ್ಯಪ್ ಕಾರಣವಿಲ್ಲದೆ ಖಾಲಿಯಾದರೆ ಸರ್ವರ್ ಮೇಲೆ ಸಿಟ್ಟಾಗುವ ಮೊದಲು ಜೇಸನ್‌ನ ಕೊನೆಯ ದೋಷ ಸಂದೇಶವನ್ನು ಮುದ್ರಿಸಿ ನೋಡಿ. ಯುಟಿಎಫ್-8 ಕೆಟ್ಟಿದೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರುತ್ತದೆ.

ಪರಿಹಾರ ಸುಲಭವೆನಿಸಿತು. ಸಬ್‌ಸ್ಟರ್‌ನ ಹಿಂದೆ ‘ಎಂಬಿ’ ಮತ್ತು ಒಂದು ಅಡಿಗೆರೆ ಸೇರಿಸಿದರೆ ಬೈಟಿನ ಬದಲು ಯೂನಿಕೋಡ್ ಎಂಬ ಎಲ್ಲ ಲಿಪಿಗಳ ಸಂಖ್ಯಾಪಟ್ಟಿಯ ಚಿಹ್ನೆಗಳನ್ನು, ಅಂದರೆ ಕೋಡ್ ಪಾಯಿಂಟುಗಳನ್ನು ಎಣಿಸುವ ಫಂಕ್ಷನ್ ಸಿಗುತ್ತದೆ. 180ನ್ನು ಮೂರರಿಂದ ಭಾಗಿಸಿ 60 ಎಂದು ಹಾಕಿದೆ. ಕಪ್ಪು ವಜ್ರಗಳು ಮಾಯವಾದವು. ಆ ರಾತ್ರಿ ನೆಮ್ಮದಿಯಿಂದ ಮಲಗಿದೆ.

ಹನ್ನೊಂದನೆಯ ದಿನ ಬೆಳಿಗ್ಗೆ ಕಾರ್ಯದರ್ಶಿಯವರ ಫೋನು. “ಮೇಡಂ, ಬೆಳಿಗ್ಗೆಯಿಂದ ಹದಿನಾಲ್ಕು ಜನ ಬಂದಿದ್ದಾರೆ, ಲಾಭಾಂಶ ಕೊಡಿ ಎನ್ನುತ್ತಿದ್ದಾರೆ. ಕೊಡುವುದಿಲ್ಲ ಎಂದು ನಾನೇ ಬರೆದು ಹಾಕಿದ್ದೇನೆ. ನೀವು ಏನು ಬದಲಾಯಿಸಿದಿರಿ?”

ಅವರು ಹಾಕಿದ್ದ ಸೂಚನೆ ಹೀಗಿತ್ತು: ‘ಸದಸ್ಯರ ಗಮನಕ್ಕೆ: ಷೇರಿನ ಲಾಭಾಂಶವನ್ನು ದೀಪಾವಳಿಗೆ ಮೊದಲು ಕೊಡಲಾಗುವುದಿಲ್ಲ. ಲೆಕ್ಕಪರಿಶೋಧನೆ ಮುಗಿದ ಬಳಿಕ ದಿನಾಂಕ ತಿಳಿಸಲಾಗುವುದು.’ ಮುಖಪುಟದಲ್ಲಿ ಕಾಣುತ್ತಿದ್ದದ್ದು ಹೀಗೆ: ‘ಸದಸ್ಯರ ಗಮನಕ್ಕೆ: ಷೇರಿನ ಲಾಭಾಂಶವನ್ನು ದೀಪಾವಳಿಗೆ ಮೊದಲು ಕೊಡಲಾಗುವುದ…’

ಎಣಿಸಿ ನೋಡಿದೆ. ಸರಿಯಾಗಿ ಅರವತ್ತು. ಅರವತ್ತನೆಯದು ‘ದ’. ಅದರ ಮೇಲಿನ ಗುಡಿಸು ಅರವತ್ತೊಂದನೆಯದು, ಅದು ಕತ್ತರಿಯ ಆಚೆಗೆ ಬಿತ್ತು. ಗುಡಿಸು ಉಳಿದು ‘ದಿ’ ಎಂದು ಕಂಡಿದ್ದರೂ ಓದುವವರಿಗೆ ಮುಂದೆ ‘ಇಲ್ಲ’ ಇದೆ ಎಂಬ ಸುಳಿವು ಸಿಗುತ್ತಿತ್ತು. ಗುಡಿಸು ಹೋದ ಮೇಲೆ ಯಾರು ಓದಿದರೂ ‘ಕೊಡಲಾಗುವುದು’ ಎಂದೇ ಓದುತ್ತಾರೆ.

ಸಂಘದ ಕಚೇರಿಗೆ ಹೋದೆ. ಬೆಂಚಿನ ಮೇಲೆ ಒಬ್ಬ ಅಜ್ಜಿ ಕುಳಿತಿದ್ದರು. ಎರಡು ಬಸ್ ಬದಲಾಯಿಸಿ ಬಂದಿದ್ದರು. ಪಾಸ್‌ಬುಕ್ಕು ಮತ್ತು ಆಧಾರ್ ಪ್ರತಿ ಒಂದು ಬಟ್ಟೆಯ ಚೀಲದಲ್ಲಿ ಮಡಿಸಿಟ್ಟಿತ್ತು. ಮೊಮ್ಮಗ ಹಿಂದಿನ ರಾತ್ರಿ ಮೊಬೈಲಿನಲ್ಲಿ ಓದಿ ಹೇಳಿದನಂತೆ. “ಕೊಡುತ್ತಾರೆ ಅಂತಲೇ ಬರೆದಿತ್ತಲ್ಲ ಮಗಳೇ, ಅವನು ಸುಳ್ಳು ಹೇಳುವವನಲ್ಲ” ಎಂದರು. ಅವನು ಸುಳ್ಳು ಹೇಳಿರಲಿಲ್ಲ. ನಾನು ಏನು ಹೇಳಬೇಕೆಂದು ತಿಳಿಯದೆ ಬಸ್ಸಿನ ಹಣ ಕೊಡಲು ಹೋದೆ, ಅವರು ತೆಗೆದುಕೊಳ್ಳಲಿಲ್ಲ. ಆವತ್ತು ಮನೆಗೆ ಬಂದು ಊಟ ಸೇರಲಿಲ್ಲ. ತಾಂತ್ರಿಕ ದೋಷ ಎಂದು ನಾವು ಸಲೀಸಾಗಿ ಕರೆಯುವುದು ಇನ್ನೊಬ್ಬರಿಗೆ ಒಂದು ದಿನದ ಕೂಲಿ.

ಮರುದಿನ ಬಿಳಿ ಹಾಳೆಯ ಮೇಲೆ ಪದಗಳನ್ನು ಬರೆದು ಪ್ರತಿ ಚಿಹ್ನೆಯ ನಂತರ ಗೆರೆ ಹಾಕುತ್ತಾ ಕುಳಿತೆ. ಪರದೆಯ ಮೇಲೆ ನೋಡಿದರೆ ಇದು ತಿಳಿಯುವುದಿಲ್ಲ, ಕೈಯಿಂದ ಬರೆಯಬೇಕು. ‘ಮಂತ್ರಿ’ ನಮಗೆ ಎರಡು ಅಕ್ಷರ. ಯೂನಿಕೋಡ್‌ಗೆ ಆರು: ಮ, ಸೊನ್ನೆ, ತ, ವಿರಾಮ, ರ, ಗುಡಿಸು. ಐದಕ್ಕೆ ಕತ್ತರಿಸಿದರೆ ‘ಮಂತ್ರ’, ನಾಲ್ಕಕ್ಕೆ ‘ಮಂತ್’, ಮೂರಕ್ಕೆ ‘ಮಂತ’. ಕಂಪ್ಯೂಟರಿನ ಲೆಕ್ಕದಲ್ಲಿ ಮೂರೂ ನಿರ್ದೋಷ. ‘ಸ್ತ್ರೀ’ ನಮಗೆ ಒಂದೇ ಅಕ್ಷರ. ಯೂನಿಕೋಡ್‌ಗೆ ಆರು ಚಿಹ್ನೆ, ಹದಿನೆಂಟು ಬೈಟು. ವಿರಾಮ ಎಂದರೆ ವ್ಯಂಜನದ ಒಳಗಿನ ‘ಅ’ಕಾರವನ್ನು ತೆಗೆಯುವ ಚಿಹ್ನೆ, ದಶಮಾನದಲ್ಲಿ 3277ನೆಯ ಕೋಡ್ ಪಾಯಿಂಟ್. ಕನ್ನಡಕ್ಕೆ ಮೀಸಲಾದ ಸ್ಥಳ 3200ರಿಂದ 3327. ಒತ್ತಕ್ಷರಗಳಿಗೆ ಬೇರೆ ಸಂಖ್ಯೆ ಇಲ್ಲ. ವಿರಾಮದ ನಂತರ ಬಂದ ವ್ಯಂಜನವನ್ನು ಫಾಂಟ್ ಒತ್ತಾಗಿ ಬರೆಯುತ್ತದೆ, ಅಷ್ಟೆ.

ಬ್ರೌಸರಿನ ಭಾಷೆಯಾದ ಜಾವಾಸ್ಕ್ರಿಪ್ಟ್ ಬಳಸುವವರೂ ಇದರಿಂದ ಪಾರಾಗುವುದಿಲ್ಲ. ಅಲ್ಲಿ ಸ್ಟ್ರಿಂಗ್ (ಬರಹದ ತುಂಡು) ಎಂದರೆ ಯುಟಿಎಫ್-16 ಘಟಕಗಳ ಸಾಲು, ಕನ್ನಡದ ಪ್ರತಿ ಚಿಹ್ನೆಗೂ ಒಂದು ಘಟಕ. ಕಪ್ಪು ವಜ್ರ ಕಾಣುವುದಿಲ್ಲ, ಆದರೆ ‘ಮಂತ್ರಿ’ ಅಲ್ಲಿಯೂ ‘ಮಂತ್ರ’ ಆಗುತ್ತಾನೆ. ಕತ್ತರಿಸಲು ಅಲ್ಲಿನ ಸ್ಲೈಸ್ ಎಂಬ ಫಂಕ್ಷನ್ ಬಳಸಿ, ಸಬ್‌ಸ್ಟರ್ ಅಲ್ಲಿ ಹಳೆಯ ಕೋಡಿಗಾಗಿ ಮಾತ್ರ ಉಳಿಸಿಕೊಂಡಿರುವುದು. ಸಬ್‌ಸ್ಟ್ರಿಂಗ್‌ಗೆ ಆರಂಭ ಮತ್ತು ಅಂತ್ಯವನ್ನು ತಿರುವುಮುರುವಾಗಿ ಕೊಟ್ಟರೆ ಅದು ತಕರಾರಿಲ್ಲದೆ ಅದಲುಬದಲು ಮಾಡಿಕೊಳ್ಳುತ್ತದೆ, ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ.

ಮೂರನೆಯ ವಾರ ‘ಗ್ರಾಫೀಮ್ ಸಬ್‌ಸ್ಟರ್’ ಎಂಬ ಫಂಕ್ಷನ್ ಸಿಕ್ಕಿತು. ಕಣ್ಣಿಗೆ ಒಂದಾಗಿ ಕಾಣುವ ಚಿಹ್ನೆಗಳ ಗುಂಪನ್ನು ಯೂನಿಕೋಡ್ ಗ್ರಾಫೀಮ್ ಕ್ಲಸ್ಟರ್ ಎನ್ನುತ್ತದೆ. ವ್ಯಂಜನ ಮತ್ತು ಅದರ ಕಾಗುಣಿತ ಅಲ್ಲಿ ಬೇರೆಯಾಗುವುದಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ‘ಕೊಡಲಾಗುವುದಿಲ್ಲ’ ಗುಡಿಸನ್ನು ಕಳೆದುಕೊಳ್ಳಲಿಲ್ಲ. ಸರ್ವರ್‌ಗೆ ಏರಿಸಿದೆ, ಇಡೀ ಮುಖಪುಟ ಬಿಳಿಯಾಯಿತು. ಈ ಫಂಕ್ಷನ್‌ಗೆ ಪಿಎಚ್‌ಪಿಗೆ ಬೇರೆಯಾಗಿ ಸೇರಿಸುವ ಇಂಟಲ್ ಎಂಬ ಎಕ್ಸ್‌ಟೆನ್ಶನ್ ಬೇಕು, ಸಂಘದ ಅಗ್ಗದ ಹೋಸ್ಟಿಂಗಿನಲ್ಲಿ ಅದು ಇರಲಿಲ್ಲ. ನೀವು ಏರಿಸುವ ಮೊದಲು ಸರ್ವರಿನಲ್ಲಿ ಪಿಎಚ್‌ಪಿ ಇನ್ಫೋ ಎಂಬ ವಿವರದ ಪುಟ ತೆರೆದು ಎಂಬಿಸ್ಟ್ರಿಂಗ್ (‘ಎಂಬಿ’ ಫಂಕ್ಷನ್‌ಗಳಿರುವ ಭಾಗ) ಮತ್ತು ಇಂಟಲ್ ಎರಡೂ ಇವೆಯೇ ಎಂದು ನೋಡಿಕೊಳ್ಳಿ.

ಹೋಸ್ಟಿಂಗ್ ಸಂಸ್ಥೆಗೆ ಮನವಿ ಕಳಿಸಿದೆ. ಉತ್ತರ ಬರಲು ಐದು ದಿನ. ಈಗಿನ ಯೋಜನೆಯಲ್ಲಿ ಸಾಧ್ಯವಿಲ್ಲ, ಮೇಲಿನ ಯೋಜನೆಗೆ ಹೋಗಿ ಎಂದರು. ವರ್ಷಕ್ಕೆ 2,800 ರೂಪಾಯಿ ಇದ್ದದ್ದು 5,400 ಆಗುತ್ತದೆ, ಮೇಲೆ ಜಿಎಸ್‌ಟಿ. ಸಹಕಾರ ಸಂಘದ ಹಣ ಹಾಗೆ ಬಿಡುಗಡೆಯಾಗುವುದಿಲ್ಲ. ಮೂರು ಕಡೆಯ ದರಪಟ್ಟಿ ತರಬೇಕು, ಯಾಕೆ ಬೇಕು ಎಂದು ಒಂದು ಪುಟದ ವಿವರಣೆ ಬರೆಯಬೇಕು, ಆಡಳಿತ ಮಂಡಳಿಯ ಸಭೆಯಲ್ಲಿ ವಿಷಯ ಮಂಡನೆಯಾಗಿ ಠರಾವು ಆಗಬೇಕು, ನಡಾವಳಿ ಪುಸ್ತಕದಲ್ಲಿ ಬರಬೇಕು. ಸಭೆಗೆ ಇನ್ನೂ ಹದಿನೇಳು ದಿನ ಇತ್ತು. ವಿವರಣೆಯ ಪುಟದಲ್ಲಿ ತಾಂತ್ರಿಕ ಪದಗಳನ್ನೆಲ್ಲ ಬಿಟ್ಟು, ತುಂಡಾದ ಆ ಸೂಚನೆಯನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಅಂಟಿಸಿದೆ. ಸಭೆಯಲ್ಲಿ ಒಂದು ಪ್ರಶ್ನೆಯೂ ಬರಲಿಲ್ಲವಂತೆ, ಐದು ನಿಮಿಷದಲ್ಲಿ ಮಂಜೂರಾಯಿತು. ಇಂಥ ಕೆಲಸಕ್ಕೆ ಹಣ ಕೇಳುವವರು ಹೀಗೆಯೇ ಮಾಡಿ. ಕೆಟ್ಟ ಸಾಲನ್ನು ಕಣ್ಣೆದುರು ಇಟ್ಟರೆ ವಾದ ಬೇಕಾಗುವುದಿಲ್ಲ.

ಕಾಯುತ್ತಿದ್ದ ಹದಿನೇಳು ದಿನಗಳಲ್ಲಿ ಲ್ಯಾಪ್‌ಟಾಪಿನಲ್ಲಿ ಪರೀಕ್ಷೆ ಮುಂದುವರಿಸಿದೆ. ಆಗ ಎದೆ ಕುಸಿಯುವ ಸಂಗತಿ ತಿಳಿಯಿತು. ‘ಸ್ತ್ರೀಶಕ್ತಿ’ ಎಂಬ ಪದವನ್ನು ಒಂದು ಗ್ರಾಫೀಮಿಗೆ ಕತ್ತರಿಸಿದರೆ ನನಗೆ ‘ಸ್ತ್ರೀ’ ಸಿಗಬೇಕಿತ್ತು. ಸಿಕ್ಕಿದ್ದು ‘ಸ್’. ಎರಡಕ್ಕೆ ‘ಸ್ತ್’. ಮೂರಕ್ಕೆ ‘ಸ್ತ್ರೀ’. ‘ರಾಷ್ಟ್ರ’ ಎರಡಾಗುವ ಬದಲು ನಾಲ್ಕು. ಕಾಗುಣಿತ ಒಡೆಯದ ಫಂಕ್ಷನ್ ಒತ್ತಕ್ಷರವನ್ನು ಒಡೆಯುತ್ತಿತ್ತು. ‘ಸ್ತ್ರೀ’ಯನ್ನು ತೆಲುಗು ಲಿಪಿಯಲ್ಲಿ ಕೊಟ್ಟು ನೋಡಿದೆ, ಒಂದೇ ಎಂದಿತು! ನನ್ನ ಕೋಡಿನಲ್ಲೇ ತಪ್ಪಿದೆ ಎಂದುಕೊಂಡು ಎರಡು ರಾತ್ರಿ ಅದನ್ನೇ ಜಾಲಾಡಿದೆ.

ತಪ್ಪು ಕೋಡಿನಲ್ಲಿರಲಿಲ್ಲ. ಯೂನಿಕೋಡ್ 2023ರಲ್ಲಿ 15.1ನೆಯ ಆವೃತ್ತಿಯಲ್ಲಿ ಒತ್ತಕ್ಷರಗಳನ್ನು ಒಂದಾಗಿ ಹಿಡಿಯುವ ನಿಯಮ ತಂದಿತು. ಆ ನಿಯಮಕ್ಕೆ ಸೇರಿಸಿದ್ದು ಆರು ಲಿಪಿಗಳ ವಿರಾಮಗಳನ್ನು: ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಒತ್ತಕ್ಷರ ಕೂಡುವ ರೀತಿಯಲ್ಲಿ ತೆಲುಗಿಗೂ ನಮಗೂ ಎಷ್ಟು ಸಾಮ್ಯ ಎಂಬುದು ಎರಡೂ ಲಿಪಿ ಬಲ್ಲವರಿಗೆ ಗೊತ್ತು. ಆ ಪುಟವನ್ನು ಓದಿದಾಗ ಮನೆಯವರೆಲ್ಲರ ಹೆಸರಿರುವ ಕರೆಯೋಲೆಯಲ್ಲಿ ನಮ್ಮ ಹೆಸರೊಂದೇ ಬಿಟ್ಟುಹೋದಂತೆ ಅನಿಸಿತು. ಜಾವಾಸ್ಕ್ರಿಪ್ಟಿನಲ್ಲಿ ಗ್ರಾಫೀಮು ಬಿಡಿಸುವ ಇಂಟಲ್ ಸೆಗ್ಮೆಂಟರ್‌ನಲ್ಲೂ ಅದೇ ಫಲಿತಾಂಶ ಬಂತು. ಅದನ್ನು ಬಳಸುವವರು ಹಳೆಯ ಬ್ರೌಸರುಗಳನ್ನೂ ನೆನಪಿಡಬೇಕು. ಫೈರ್‌ಫಾಕ್ಸ್‌ಗೆ ಅದು ಬಂದದ್ದು 2024ರ 125ನೆಯ ಆವೃತ್ತಿಯಲ್ಲಿ.

ಕೊನೆಗೆ ಜೋಡಿಸುವ ಕೆಲಸವನ್ನು ನಾನೇ ಮಾಡಬೇಕಾಯಿತು. ಅದು ಅಂದುಕೊಂಡಷ್ಟು ಕಷ್ಟವಿಲ್ಲ. ಮೊದಲು ಇಡೀ ಸಾಲನ್ನು ಗ್ರಾಫೀಮುಗಳಾಗಿ ಬಿಡಿಸಿ. ಎಡದಿಂದ ಬಲಕ್ಕೆ ನೋಡುತ್ತಾ ಹೋಗಿ. ಒಂದು ತುಂಡು ವಿರಾಮದಲ್ಲಿ ಮುಗಿದು, ಮುಂದಿನ ತುಂಡು ಕನ್ನಡ ವ್ಯಂಜನದಿಂದ ಆರಂಭವಾದರೆ ಎರಡನ್ನೂ ಸೇರಿಸಿ. ಸೇರಿಸಿದ ತುಂಡೂ ವಿರಾಮದಲ್ಲೇ ಮುಗಿದರೆ ಮತ್ತೆ ಸೇರಿಸಿ. ಹೀಗೆ ಸ್, ತ್, ರೀ ಮೂರೂ ಕೂಡಿ ‘ಸ್ತ್ರೀ’ ಆಗುತ್ತದೆ. ‘ಡಿಸೆಂಬರ್ ಕೊನೆ’ ಎಂಬಲ್ಲಿ ‘ರ್’ ನಂತರ ಜಾಗ ಇರುವುದರಿಂದ ಅದು ಮುಂದಿನ ‘ಕೊ’ಗೆ ಅಂಟಿಕೊಳ್ಳುವುದಿಲ್ಲ. ಒಟ್ಟು ಹದಿನೆಂಟು ಸಾಲಿನ ಕೋಡು.

ಆಮೇಲೆ ತಿಳಿದ ಒಂದು ಮಾತು, ಹಣ ಉಳಿಸಬಲ್ಲದ್ದು: ಗ್ರಾಫೀಮುಗಳಾಗಿ ಬಿಡಿಸಲು ಇಂಟಲ್ ಇರಲೇಬೇಕೆಂದಿಲ್ಲ. ಪಿಎಚ್‌ಪಿಯ ಬರಹದ ಮಾದರಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಮತ್ತು ದೊಡ್ಡ ಎಕ್ಸ್ ಬರೆದು, ಕೊನೆಯಲ್ಲಿ ಚಿಕ್ಕ ‘ಯು’ ಸೇರಿಸಿದರೆ ಅದೇ ಕೆಲಸವಾಗುತ್ತದೆ. ಇದು ಮೊದಲೇ ಗೊತ್ತಿದ್ದರೆ ಠರಾವಿಗಾಗಿ ಕಾಯಬೇಕಿರಲಿಲ್ಲ. ಆದರೂ ಇಂಟಲ್ ವ್ಯರ್ಥವಾಗಲಿಲ್ಲ, ಅದರ ಪ್ರಯೋಜನ ಬೇರೆ ಕಡೆ ಸಿಕ್ಕಿತು.

ಸಂಘದ ಹಳೆಯ ಸೂಚನೆಗಳೆಲ್ಲ ಹಿಂದಿನ ಕಾಲದ ಫಾಂಟಿನಲ್ಲಿದ್ದವು, ಯಾರೋ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿದ್ದರು. ಅವುಗಳಲ್ಲಿ ‘ಕೊ’ ಎಂಬುದು ಕ, ಎತ್ವ, ಊಕಾರದ ಚಿಹ್ನೆ ಎಂದು ಮೂರು ಭಾಗವಾಗಿ ಕುಳಿತಿತ್ತು. ಕಾರ್ಯದರ್ಶಿಯವರು ಈಗ ಟೈಪಿಸುವ ‘ಕೊ’ದಲ್ಲಿ ಇರುವುದು ಕ ಮತ್ತು ಒಂದೇ ಒಕಾರ. ಕಣ್ಣಿಗೆ ವ್ಯತ್ಯಾಸವಿಲ್ಲ, ಹುಡುಕಿದರೆ ಮಾತ್ರ ಸಿಗುವುದಿಲ್ಲ. ಒಂದು ಪದದ ನಂತರದ ಭಾಗವನ್ನು ತೆಗೆಯಲು ನೀವು ಆ ಪದದ ಸ್ಥಾನವನ್ನು ಕೇಳಿದಾಗ ‘ಇಲ್ಲ’ ಎಂದು ಉತ್ತರ ಬಂದರೆ ಇದೇ ಕಾರಣ ಇರಬಹುದು. ಇಂಟಲ್‌ನಲ್ಲಿರುವ ನಾರ್ಮಲೈಸರ್ ಅಥವಾ ಜಾವಾಸ್ಕ್ರಿಪ್ಟಿನ ನಾರ್ಮಲೈಸ್ ಎರಡೂ ಬಗೆಯನ್ನು ಒಂದಾಗಿಸುತ್ತದೆ. ಆದರೆ ಸೊನ್ನೆಯ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆಯನ್ನು ಟೈಪಿಸಿರುವುದನ್ನು ಯಾವ ನಾರ್ಮಲೈಸರೂ ಸರಿಪಡಿಸದು. ಅಂಥವು ನನಗೆ ಇನ್ನೂರಕ್ಕೂ ಹೆಚ್ಚು ಸಿಕ್ಕವು, ಹಿಂದೆ ಕನ್ನಡ ಅಕ್ಷರ ಇರುವುದನ್ನು ಮಾತ್ರ ಆರಿಸಿ ಬದಲಾಯಿಸಿದೆ.

ಇದೇ ಉತ್ಸಾಹದಲ್ಲಿ ಒಂದು ಹಾನಿಯನ್ನೂ ಮಾಡಿದೆ. ಕಣ್ಣಿಗೆ ಕಾಣದ ಚಿಹ್ನೆಗಳನ್ನೆಲ್ಲ ಗುಡಿಸಿ ಹಾಕುವ ಒಂದು ಸಾಲು ಸೇರಿಸಿದೆ. ಮರುದಿನ ‘ಆನ್‌ಲೈನ್’ ಎಲ್ಲ ಕಡೆ ‘ಆನ್ಲೈನ್’ ಆಗಿ, ನ ಕೆಳಗೆ ಲ ಒತ್ತಾಗಿ ಕುಳಿತಿತ್ತು. ಒತ್ತಾಗದಂತೆ ತಡೆಯುವ ಆ ಅಗೋಚರ ಚಿಹ್ನೆಯ ಸಂಖ್ಯೆ 8204. ಅದರ ಜೊತೆಗಾರ 8205 ಅರ್ಕಾವತ್ತಿನ ಬದಲು ಪೂರ್ಣ ರಕಾರ ಬರೆಯುವಲ್ಲಿ ಬೇಕಾಗುತ್ತದೆ. ಇವೆರಡನ್ನೂ ಮುಟ್ಟಬೇಡಿ. ಮೇಲಿನ ಜೋಡಣೆಯ ನಿಯಮಕ್ಕೆ 8204ರಿಂದ ತೊಂದರೆ ಇಲ್ಲ. ಅದು ಹಿಂದಿನ ತುಂಡಿನ ಬಾಲದಲ್ಲೇ ಉಳಿಯುವುದರಿಂದ ತುಂಡು ವಿರಾಮದಲ್ಲಿ ಮುಗಿಯುವುದಿಲ್ಲ, ಹಾಗಾಗಿ ಮುಂದಿನದಕ್ಕೆ ಅಂಟುವುದಿಲ್ಲ.

ಈಗ ಅಕ್ಷರ ಒಡೆಯುತ್ತಿರಲಿಲ್ಲ. ಆದರೆ ಅಜ್ಜಿಯ ಮುಖ ಮನಸ್ಸಿನಿಂದ ಹೋಗಿರಲಿಲ್ಲ. ಪದದ ಅಂಚಿನಲ್ಲಿ ಕತ್ತರಿಸಿದರೂ ‘ಸೋಮವಾರ ರಸಗೊಬ್ಬರ ವಿತರಣೆ ಇರುವುದಿಲ್ಲ’ ಎಂಬುದು ‘ಸೋಮವಾರ ರಸಗೊಬ್ಬರ ವಿತರಣೆ…’ ಆಗಬಹುದು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ‘ಇಲ್ಲ’ ಇನ್ನೂ ಕೊನೆಗೆ. ಬಾಲ ಕತ್ತರಿಸಿದರೆ ಹೋಗುವುದು ಹೌದು-ಅಲ್ಲಗಳೇ. ಆದ್ದರಿಂದ ವಾಕ್ಯದ ಅಂಚಿನಲ್ಲೇ ಕತ್ತರಿಸಲು ನಿರ್ಧರಿಸಿದೆ: ಮಿತಿಯೊಳಗೆ ಪೂರ್ಣವಾದ ಕೊನೆಯ ವಾಕ್ಯದವರೆಗೆ ತೋರಿಸುವುದು, ಮೊದಲ ವಾಕ್ಯವೇ ಮಿತಿ ಮೀರಿದರೆ ಅದನ್ನು ಪೂರ್ತಿಯಾಗಿ ತೋರಿಸುವುದು. ಮೊದಲ ಪ್ರಯೋಗದಲ್ಲಿ ಒಂದು ಸೂಚನೆ ‘ಪ್ರತಿ ಸದಸ್ಯರಿಗೆ ಗರಿಷ್ಠ ರೂ.’ ಎಂದು ನಿಂತುಬಿಟ್ಟಿತು. ರೂ., ಡಾ., ಕ್ರ.ಸಂ., ತಾ. ಇಂಥ ಸಂಕ್ಷಿಪ್ತ ರೂಪಗಳ ಪಟ್ಟಿ ಮಾಡಿ ಅವುಗಳ ಚುಕ್ಕಿಯನ್ನು ಲೆಕ್ಕಕ್ಕೆ ಹಿಡಿಯದಂತೆ ಮಾಡಿದೆ. ಪುಟದಲ್ಲಿ ಸಾಲು ಹೆಚ್ಚಾಗಿ ಕಂಡರೆ ಕಾಣಲಿ ಎಂದು ಕಾರ್ಯದರ್ಶಿಯವರೇ ಹೇಳಿದರು.

ಸೂಚನೆ ಬರೆಯುವ ಪುಟದಲ್ಲಿ ‘ಸಾರಾಂಶ’ ಎಂಬ ಹೊಸ ಪೆಟ್ಟಿಗೆಯನ್ನೂ ಇಟ್ಟೆ. ಬರೆದವರೇ ಒಂದು ವಾಕ್ಯದಲ್ಲಿ ಸಾರ ಬರೆದರೆ ಅದೇ ಕಾಣುತ್ತದೆ, ಖಾಲಿ ಬಿಟ್ಟರೆ ಮಾತ್ರ ಕೋಡು ಕತ್ತರಿಸುತ್ತದೆ. ಏಳು ವಾರಗಳಲ್ಲಿ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸ ಇದು ಎಂದು ನನ್ನ ಭಾವನೆ. ಮಾಡಲು ಅರ್ಧ ಗಂಟೆ ಸಾಕಾಯಿತು.

ಎಸ್‌ಎಂಎಸ್ ಕಳಿಸುವವರಿಗೆ ಲೆಕ್ಕ ಬೇರೆ. ಕನ್ನಡದ ಒಂದು ಸಂದೇಶಕ್ಕೆ 70 ಚಿಹ್ನೆ. ಅದಕ್ಕಿಂತ ಉದ್ದವಾದರೆ ಪ್ರತಿ ಕಂತಿಗೆ 67 ಮಾತ್ರ. ಇಲ್ಲಿ ಎಣಿಕೆ ಅಕ್ಷರದ್ದಲ್ಲ, ಕೋಡ್ ಪಾಯಿಂಟಿನದು. ‘ಸ್ತ್ರೀ’ ಆರು ತಿನ್ನುತ್ತದೆ, ಕಾಣದ 8204 ಕೂಡ ಒಂದು ತಿನ್ನುತ್ತದೆ. ಹಾಗಾಗಿ ಅಳತೆಯನ್ನು ಕೋಡ್ ಪಾಯಿಂಟಿನಲ್ಲಿ ಮಾಡಿ, ಕತ್ತರಿಯನ್ನು ಅಕ್ಷರದ ಅಥವಾ ವಾಕ್ಯದ ಅಂಚಿಗೆ ಹಾಕಿ. ನಮ್ಮ ಸಂಘಕ್ಕೆ 1,100 ಸದಸ್ಯರು, ಕಂತಿಗೆ 20 ಪೈಸೆ. 71 ಚಿಹ್ನೆಯ ಸಂದೇಶಕ್ಕೆ 440 ರೂಪಾಯಿ, 70ರದ್ದಕ್ಕೆ 220.

ಲೆಕ್ಕಪರಿಶೋಧನೆ ಮುಗಿದ ಮೇಲೆ ಕಾರ್ಯದರ್ಶಿಯವರು ಸಾರಾಂಶದ ಪೆಟ್ಟಿಗೆಯಲ್ಲಿ ಮೊದಲ ಬಾರಿಗೆ ತಾವೇ ಬರೆದರು: ‘ಷೇರಿನ ಲಾಭಾಂಶ ಡಿಸೆಂಬರ್ 9ರಿಂದ ಕಚೇರಿಯಲ್ಲಿ ದೊರೆಯುತ್ತದೆ.’ ಎಣಿಸಿದೆ, 51. ಮುಖಪುಟದಲ್ಲಿ ಪೂರ್ತಿ ಕಂಡಿತು, ಸಂದೇಶ ಒಂದೇ ಕಂತಿನಲ್ಲಿ ಹೋಯಿತು. ಆವತ್ತು ಬರಿಗೈಯಲ್ಲಿ ಹಿಂದಿರುಗಿದ ಹದಿನಾಲ್ಕು ಜನರ ಹೆಸರನ್ನು ಅವರು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದರು. ಒಬ್ಬೊಬ್ಬರಿಗೂ ಫೋನ್ ಮಾಡಿ ಆ ಸಾಲನ್ನು ಓದಿ ಹೇಳಿದರು, ಅಜ್ಜಿಗೆ ಎಲ್ಲರಿಗಿಂತ ಮೊದಲು.